ಕಾಂಗರೂ ಆರೈಕೆ ಅಮ್ಮನೊಬ್ಬಳ ಕೆಲಸವಲ್ಲ

ಎಲ್ಲರಿಗೂ ನಮಸ್ಕಾರ. ಬಾಣಂತಿಯರ ಜೊತೆ ಅತ್ತೆಯಂದಿರು, ಗಂಡಂದಿರೂ ಬಂದಿದ್ದೀರಿ. ಇವತ್ತಿನ ಮಾತು ಜಾಸ್ತಿ ನಿಮಗೇ.

ಅವಧಿಗೆ ಮುಂಚೆ ಹುಟ್ಟಿದ ಕೂಸನ್ನು ಮೈಗೆ ಮೈ ತಾಗುವಂತೆ ಎದೆಗೆ ಕಟ್ಟಿಕೊಂಡು ಬೆಚ್ಚಗಿಡುವುದೇ ಕಾಂಗರೂ ಆರೈಕೆ. ಇದು ಆಸ್ಪತ್ರೆಯಲ್ಲಿ ಚೆನ್ನಾಗಿಯೇ ನಡೆಯುತ್ತದೆ. ಮನೆಗೆ ಬಂದ ನಾಲ್ಕು ದಿನಕ್ಕೆ ನಿಂತುಹೋಗುತ್ತದೆ. ಬಾಣಂತಿಗೆ ತಿಳಿವಳಿಕೆ ಸಾಲದು ಅಂತಾರೆ. ನನಗೆ ಹಾಗನ್ನಿಸುವುದಿಲ್ಲ. ಅವಳಿಗೆ ಎಲ್ಲ ಗೊತ್ತು, ಬಿಡುವು ಮಾಡಿಕೊಡುವವರಿಲ್ಲ.

ಇದು ಹುಟ್ಟಿದ್ದೇ ಇಲ್ಲದವರ ನಡುವೆ. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಇನ್‌ಕ್ಯುಬೇಟರ್, ಅಂದರೆ ಕೂಸನ್ನು ಬೆಚ್ಚಗಿಡುವ ಪೆಟ್ಟಿಗೆ, ಸಾಲುತ್ತಿರಲಿಲ್ಲ, ಸೋಂಕು ಬೇರೆ. ಡಾ. ಎಡ್ಗರ್ ರೇ ಕೂಸುಗಳನ್ನು ತಾಯಂದಿರ ಎದೆಗೇ ಕಟ್ಟಿಸಿದರು. ಬಡವರ ಉಪಾಯ ಅಂತ ಮೂಗು ಮುರಿಯುವವರಿಗೆ ಹರಿಯಾಣ ನೋಡಿ ಅನ್ನುತ್ತೇನೆ. ಅಲ್ಲಿ ಕಡಿಮೆ ತೂಕದ 8 ಸಾವಿರಕ್ಕೂ ಹೆಚ್ಚು ಶಿಶುಗಳ ಅಧ್ಯಯನ ನಡೆಯಿತು, 2019ರಲ್ಲಿ ಪ್ರಕಟವಾಯಿತು. ಮನೆಯಲ್ಲೇ ಈ ಆರೈಕೆ ಶುರು ಮಾಡಿಸಿದ ಗುಂಪಿನಲ್ಲಿ ಮೊದಲ ತಿಂಗಳ ಸಾವು ಶೇಕಡಾ 30ರಷ್ಟು ಕಡಿಮೆಯಾಗಿತ್ತು. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಇದನ್ನು ಆಸ್ಪತ್ರೆಯಿಂದ ಮನೆತನಕ ಮುಟ್ಟಿಸುವ ಕೆಲಸ ನಡೆದಿದೆ.

ಕಟ್ಟುವುದು ಹೀಗೆ. ಕೂಸಿಗೆ ಕುಲಾವಿ, ಕಾಲುಚೀಲ, ಲಂಗೋಟಿ, ಅಷ್ಟೇ. ಅಂಗಿ ಬೇಡ. ಅಮ್ಮನ ಎರಡು ಮೊಲೆಗಳ ನಡುವೆ ನೆಟ್ಟಗೆ, ಕೈಕಾಲು ಕಪ್ಪೆಯ ಹಾಗೆ ಮಡಿಚಿಕೊಂಡು. ಮುಖ ಒಂದು ಪಕ್ಕಕ್ಕೆ, ಗದ್ದ ಎದೆಗೆ ಒತ್ತಬಾರದು, ಉಸಿರು ಕಟ್ಟುತ್ತದೆ. ಬಟ್ಟೆಯ ಮೇಲಂಚು ಕಿವಿಯ ಕೆಳಗೆ ಬರಬೇಕು. ಮೂಗು ಕಾಣುತ್ತಿರಬೇಕು.

ಒಮ್ಮೆ ಕಟ್ಟಿದರೆ ಕಡಿಮೆಯೆಂದರೂ ಒಂದು ಗಂಟೆ ಬಿಚ್ಚಬೇಡಿ. ದಿನಕ್ಕೆ ಎಂಟು ಗಂಟೆಗೆ ಕಡಿಮೆಯಾಗದಂತೆ, ಆದಷ್ಟು ಜಾಸ್ತಿ ಹೊತ್ತು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಈ ಎಂಟು ಗಂಟೆ ಎಲ್ಲಿಂದ ಬರಬೇಕು? ಕೂಸನ್ನು ಕಟ್ಟಿಕೊಂಡು ಒಲೆ ಮುಂದೆ ನಿಲ್ಲುವ ಹಾಗಿಲ್ಲ. ನೀರು ಸೇದುವ ಹಾಗಿಲ್ಲ. ಎರಡು ಗಂಟೆಗೊಮ್ಮೆ ಹಾಲು ಕೊಡಬೇಕು, ಚೀಪಲಾಗದ ಕೂಸಿಗೆ ಹಿಂಡಿ ಒಳಲೆಯಲ್ಲಿ ಕುಡಿಸಬೇಕು. ಅಡುಗೆ, ಬಟ್ಟೆ, ದೊಡ್ಡ ಮಗುವಿನ ರಗಳೆ ಬೇರೆಯವರು ನೋಡಿಕೊಂಡರೆ ಮಾತ್ರ ಆ ಹೊತ್ತು ಸಿಗುತ್ತದೆ, ಅಲ್ವಾ? ಕೂಸು ನೋಡೋಕೆ ಬಂದವರ ಎದುರು ಎದೆ ತೆರೆದು ಕೂರಲು ಅವಳಿಗೆ ನಾಚಿಕೆ. ಬಾಗಿಲಿಗೆ ಒಂದು ಪರದೆ ಕಟ್ಟಿ, ನೆಂಟರನ್ನು ಹೊರಗೇ ಕೂರಿಸಿ.

ಇನ್ನು ಮಂಚದ ಕೆಳಗಿನ ಕೆಂಡ, ಸಾಂಬ್ರಾಣಿ ಹೊಗೆ. ಅಜ್ಜಿಯರು ಬೇಜಾರು ಮಾಡಿಕೊಳ್ಳಬೇಡಿ. ಕೂಸು ಬೆಚ್ಚಗಿರಲಿ ಅನ್ನುವ ನಿಮ್ಮ ಆಸೆ ಸರಿ, ಆದರೆ ಹೊಗೆ ಎಳೆಯ ಶ್ವಾಸಕೋಶಕ್ಕೆ ಆಗದು. ಮೈಶಾಖ ಸಾಕು. ಪಾದ ಮುಟ್ಟಿ ನೋಡಿ, ಹೊಟ್ಟೆಯಷ್ಟೇ ಬೆಚ್ಚಗಿದ್ದರೆ ಸರಿ.

ಕೂಸು ಹಾಲು ಕುಡಿಯುವುದನ್ನು ಬಿಟ್ಟರೆ, ಉಸಿರಾಡುವಾಗ ಪಕ್ಕೆ ಒಳಕ್ಕೆ ಎಳೆದುಕೊಂಡರೆ, ಅಂಗಾಲು ಹಳದಿಯಾದರೆ, ಕಟ್ಟಿಕೊಂಡರೂ ಮೈ ತಣ್ಣಗೇ ಇದ್ದರೆ ಕಾಯಬೇಡಿ. ಕೂಸನ್ನು ಎದೆಗೆ ಕಟ್ಟಿಕೊಂಡೇ ಆಸ್ಪತ್ರೆಗೆ ಹೊರಡಿ.

ಅಮ್ಮ ಮಲಗುವ ಹೊತ್ತಿಗೆ ಅಪ್ಪ ಕಟ್ಟಿಕೊಳ್ಳಬಹುದು, ಅಜ್ಜಿಯೂ ಕಟ್ಟಿಕೊಳ್ಳಬಹುದು. ಇಲ್ಲೊಂದು ಹಳೆಯ ಹತ್ತಿ ಸೀರೆ ಇದೆ, ಒಂದು ಬೊಂಬೆ ಇದೆ. ಗಂಡಸರಲ್ಲಿ ಯಾರಾದರೂ ಒಬ್ಬರು ಮುಂದೆ ಬನ್ನಿ, ಕಟ್ಟಿ ತೋರಿಸುತ್ತೇನೆ.