ಹೊಸ ಲ್ಯಾಪ್‌ಟಾಪ್ ಬಿಸಿಯಾಗುತ್ತದೆ, ಹ್ಯಾಂಗ್ ಆಗುತ್ತದೆ: ಎರಡೂ ಒಂದೇ ರೋಗ ಅಲ್ಲ

[ಮೇಜಿನ ಮೇಲೆ ಲ್ಯಾಪ್‌ಟಾಪ್, ಪಕ್ಕದಲ್ಲಿ ಅಂಗಡಿಯ ಬಿಲ್]

ನಮಸ್ಕಾರ. ಹೋದ ಏಪ್ರಿಲ್‌ನಲ್ಲಿ ನನ್ನ ಕಾಕಾನ ಮಗಳು ಧಾರವಾಡದಿಂದ ಫೋನ್ ಮಾಡಿದಳು. ಸಪ್ತಾಪುರದಲ್ಲಿ ಪಿಜಿ ಮಾಡಿಕೊಂಡು ಪರೀಕ್ಷೆಗೆ ಓದುತ್ತಿದ್ದಾಳೆ. ಕಾಕಾ ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಮಾರಿ ಬಂದ ದುಡ್ಡಿನಲ್ಲಿ ಅವಳಿಗೆ ಲ್ಯಾಪ್‌ಟಾಪ್ ಕೊಡಿಸಿದ್ದ. ತಗೊಂಡು ಆರು ದಿನ ಆಗಿತ್ತು ಅಷ್ಟೇ.

"ಅಣ್ಣಾ, ಮೌಸ್ ಸೈತ ಅಳ್ಳಾಡವಲ್ದು. ಕೆಳಗ ಕೈ ಇಟ್ರ ರೊಟ್ಟಿ ಹಂಚು ಮುಟ್ಟಿದಂಗ ಆಗತೈತಿ" ಅಂದಳು. ಪಕ್ಕದ ರೂಮಿನವರು "ಹೊಸಾದು ಒಂದು ವಾರ ಹಂಗ ಇರತೈತಿ, ಆಮ್ಯಾಲೆ ತಾನ ಸೆಟ್ ಆಗತೈತಿ" ಅಂತ ಹೇಳಿದ್ದರಂತೆ. ಅದಕ್ಕೇ ಆರು ದಿನ ಸುಮ್ಮನಿದ್ದಳು.

ಈ ಮಾತು ನೀವೂ ಕೇಳಿರುತ್ತೀರಿ. ಅದು ಅರ್ಧ ನಿಜ. ಹೊಸ ಲ್ಯಾಪ್‌ಟಾಪನ್ನು ಮೊದಲ ಸಲ ಇಂಟರ್ನೆಟ್‌ಗೆ ಹಚ್ಚಿದಾಗ ವಿಂಡೋಸ್ ತಿಂಗಳುಗಟ್ಟಲೆ ಬಾಕಿ ಇರುವ ಅಪ್‌ಡೇಟ್‌ಗಳನ್ನು ಒಂದೇ ಸಲಕ್ಕೆ ಇಳಿಸಿಕೊಳ್ಳುತ್ತದೆ, ಇರುವ ಫೈಲುಗಳಿಗೆಲ್ಲ ಹುಡುಕಾಟದ ಪಟ್ಟಿ ಮಾಡುತ್ತದೆ, ವೈರಸ್ ಸ್ಕ್ಯಾನ್ ಮಾಡುತ್ತದೆ, ಒನ್‌ಡ್ರೈವ್ ಬೇರೆ ನಿಮ್ಮ ಫೋಟೋಗಳನ್ನು ಇಂಟರ್ನೆಟ್‌ನಲ್ಲಿರುವ ಸಂಗ್ರಹಕ್ಕೆ ಕಳಿಸುತ್ತಿರುತ್ತದೆ. ಹಾಗಾಗಿ ಒಂದೆರಡು ದಿನ ಬಿಸಿ ಜಾಸ್ತಿ, ಫ್ಯಾನ್ ಸದ್ದು ಜಾಸ್ತಿ, ಕೆಲಸ ನಿಧಾನ. ಅಲ್ಲಿಯ ತನಕ ತಡೆಯಬಹುದು. ಆದರೆ ಮೂರನೇ ದಿನವೂ ಹಾಗೇ ಇದ್ದರೆ ಕಾಯುತ್ತಾ ಕೂರಬೇಡಿ. ಬಿಲ್ಲಿನ ಹಿಂದೆ ಸಣ್ಣ ಅಕ್ಷರದಲ್ಲಿ ಬದಲಿ ಕೊಡುವ ಗಡುವು ಇರುತ್ತದೆ. ಅಂಗಡಿಗೊಂದು ರೀತಿ, ಒಂದು ಕಡೆ ಏಳು ದಿನ, ಇನ್ನೊಂದು ಕಡೆ ಹತ್ತು ದಿನ. ಈಗಲೇ ವಿಡಿಯೋ ನಿಲ್ಲಿಸಿ, ಬಿಲ್ ತೆಗೆದು ನೋಡಿ. ನನ್ನ ತಂಗಿಯ ಬಿಲ್ಲಿನಲ್ಲಿ ಹತ್ತು ದಿನ ಅಂತ ಇತ್ತು, ಅಂದರೆ ನಾಲ್ಕೇ ದಿನ ಉಳಿದಿತ್ತು.

ಮರುದಿನ ಬೆಳಿಗ್ಗೆ ಹುಬ್ಬಳ್ಳಿಯಿಂದ ಚಿಗರಿ ಬಸ್ ಹತ್ತಿ ಹೋದೆ.

[ರೂಮಿನ ಫೋಟೋ: ಹಾಸಿಗೆಯ ಮೇಲೆ ಲ್ಯಾಪ್‌ಟಾಪ್]

ಹೋಗಿ ನೋಡಿದರೆ ಲ್ಯಾಪ್‌ಟಾಪ್ ಹತ್ತಿಯ ಗಾದಿಯ ಮೇಲಿತ್ತು. ಬಹಳಷ್ಟು ಲ್ಯಾಪ್‌ಟಾಪ್‌ಗಳು ಕೆಳಗಿನ ಜಾಲರಿಯಿಂದ ತಂಪು ಗಾಳಿ ಎಳೆದುಕೊಂಡು, ಪಕ್ಕದಿಂದಲೋ ಸ್ಕ್ರೀನಿನ ಬುಡದಿಂದಲೋ ಬಿಸಿ ಗಾಳಿ ಬಿಡುತ್ತವೆ. ಗಾದಿಯ ಮೇಲಿಟ್ಟರೆ ಮೂಗು ಮುಚ್ಚಿ ಓಡಲು ಹೇಳಿದಂತೆ. ಮೇಜಿಗೆ ತಂದು, ಹಿಂದಿನ ಎರಡು ಕಾಲುಗಳ ಕೆಳಗೆ ಒಂದೊಂದು ನೋಟ್‌ಬುಕ್ ಇಟ್ಟೆ, ಜಾಲರಿ ಮುಚ್ಚದ ಹಾಗೆ. ದುಡ್ಡು ಕೊಟ್ಟು ಕೂಲಿಂಗ್ ಪ್ಯಾಡ್ ತರುವ ಮೊದಲು ಇಷ್ಟು ಮಾಡಿ ನೋಡಿ. ಹಾಂ, ಹೊಸದರ ಮೇಲೆ ಅಂಟಿರುವ ಪ್ಲಾಸ್ಟಿಕ್ ಹಾಳೆ ಕಿತ್ತಿದ್ದೀರಾ ನೋಡಿಕೊಳ್ಳಿ. ಗೀರು ಬೀಳಬಾರದು ಅಂತ ಎಷ್ಟೋ ಜನ ತಿಂಗಳುಗಟ್ಟಲೆ ಹಾಗೇ ಬಿಡುತ್ತಾರೆ.

ಆಮೇಲೆ ಅಂಗೈ ಪರೀಕ್ಷೆ. ಬಿಸಿ ಗಾಳಿ ಹೊರಬರುವ ಜಾಗದ ಮುಂದೆ ಅಂಗೈ ಹಿಡಿಯಿರಿ. ಗಾಳಿ ಜೋರಾಗಿ, ಬಿಸಿಯಾಗಿ ಬಡಿಯುತ್ತಿದ್ದರೆ ಒಳ್ಳೆಯದು, ಒಳಗಿನ ಬಿಸಿ ಹೊರಗೆ ಬರುತ್ತಿದೆ ಅಂತ ಅರ್ಥ. ಕೆಳಭಾಗ ಸುಡುತ್ತಿದೆ, ಆದರೆ ಗಾಳಿ ಮಾತ್ರ ಬರುತ್ತಲೇ ಇಲ್ಲ ಅಂದರೆ ಫ್ಯಾನ್ ತಿರುಗುತ್ತಿಲ್ಲ ಅಥವಾ ದಾರಿ ಮುಚ್ಚಿದೆ. ಅದನ್ನು ನೀವು ಬಿಚ್ಚಬೇಡಿ. ಹೊಸ ಲ್ಯಾಪ್‌ಟಾಪಿಗೆ "ಧೂಳು ತುಂಬಿದೆ, ಕ್ಲೀನ್ ಮಾಡಿಸಿ, ಚಿಪ್‌ನ ಬಿಸಿ ಎಳೆಯುವ ಪೇಸ್ಟ್ ಬದಲಿಸಿ" ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ನಮ್ಮ ಹುಬ್ಬಳ್ಳಿಯ ಧೂಳು ಎಷ್ಟೇ ಇರಲಿ, ಒಂದು ವಾರದಲ್ಲಿ ಫ್ಯಾನ್ ಕಟ್ಟಿಕೊಳ್ಳುವುದಿಲ್ಲ. ಬಿಚ್ಚಿದರೆ ವಾರಂಟಿ ತಕರಾರು ಶುರುವಾಗುತ್ತದೆ.

ಇನ್ನು ಬಿಸಿ ಎಷ್ಟಿದ್ದರೆ ಸಹಜ? ಅಂಗಡಿಯಲ್ಲಿ ನೋಡಿದಾಗ ತಣ್ಣಗಿತ್ತು ಅಂತ ತಂಗಿ ಹೇಳಿದಳು. ಅಂಗಡಿಯಲ್ಲಿ ಎಸಿ ಇತ್ತು. ಅಲ್ಲಿ 24 ಡಿಗ್ರಿ, ಏಪ್ರಿಲ್ ಮಧ್ಯಾಹ್ನ ಈ ರೂಮಿನಲ್ಲಿ 37-38. ಸುತ್ತಲ ಗಾಳಿ 14 ಡಿಗ್ರಿ ಏರಿದರೆ ಒಳಗಿನ ಚಿಪ್ ಕೂಡ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಆಪಲ್ ತನ್ನ ಮ್ಯಾಕ್‌ಬುಕ್ ಬಳಸಲು ಹೇಳುವ ಜಾಗದ ತಾಪಮಾನವೇ 10ರಿಂದ 35 ಡಿಗ್ರಿ. ನಮ್ಮ ಬೇಸಿಗೆ ಅದನ್ನು ದಾಟುತ್ತದೆ. ಹಾಗಾಗಿ ಭಾರವಾದ ಕೆಲಸವನ್ನು ಬೆಳಿಗ್ಗೆ ಇಟ್ಟುಕೊಂಡರೆ ಬೇಸಿಗೆಯಲ್ಲಿ ನಿಜವಾಗಿ ವ್ಯತ್ಯಾಸ ಗೊತ್ತಾಗುತ್ತದೆ. ತಂಪಾಗಲಿ ಅಂತ ಒದ್ದೆ ಬಟ್ಟೆ ಇಡುವುದು ಮಾತ್ರ ಬೇಡವೇ ಬೇಡ.

ಒಳಗಿನ ತಾಪಮಾನ ನೋಡಲು ಎಚ್‌ಡಬ್ಲ್ಯೂಇನ್ಫೋ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ. ಸುಮ್ಮನಿದ್ದಾಗ 40ರಿಂದ 60, ಜೋರು ಕೆಲಸದಲ್ಲಿ 80, 90 ಬಂದರೆ ಲ್ಯಾಪ್‌ಟಾಪಿಗೆ ಹೊಸದಲ್ಲ. ಇಂಟೆಲ್‌ನ ಬಹಳಷ್ಟು ಲ್ಯಾಪ್‌ಟಾಪ್ ಚಿಪ್‌ಗಳಿಗೆ ಗಡಿ 100 ಡಿಗ್ರಿ, ಎಎಂಡಿಯ ಹಲವಕ್ಕೆ 95. ಗಡಿ ಹತ್ತಿರ ಬಂದ ಕೂಡಲೇ ಚಿಪ್ ತಾನೇ ವೇಗ ಇಳಿಸಿಕೊಳ್ಳುತ್ತದೆ, ಸುಟ್ಟು ಹೋಗಬಾರದು ಅಂತ. ಬಿಸಿಯಿಂದ ಆಗುವ ಹ್ಯಾಂಗ್ ಅಂದರೆ ಇದೇ. ಅದರ ನಡೆ ಬೇರೆ: ಹತ್ತಿಪ್ಪತ್ತು ನಿಮಿಷ ಚೆನ್ನಾಗಿ ಓಡುತ್ತದೆ, ಫ್ಯಾನ್ ಕೂಗಲು ಶುರು ಮಾಡುತ್ತದೆ, ಆಮೇಲೆ ವಿಡಿಯೋ ತಡವರಿಸುತ್ತದೆ, ಸ್ವಲ್ಪ ತಣ್ಣಗಾದರೆ ಮತ್ತೆ ಸರಿ. ಪೂರ್ತಿ ಕಲ್ಲಿನಂತೆ ನಿಂತುಬಿಡುವುದು ಕಡಿಮೆ. ತೀರಾ ಮಿತಿ ಮೀರಿದರೆ ತಾನೇ ಆಫ್ ಆಗುತ್ತದೆ.

[ಸ್ಕ್ರೀನ್ ರೆಕಾರ್ಡಿಂಗ್: ಟಾಸ್ಕ್ ಮ್ಯಾನೇಜರ್]

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಸಿಪಿಯು, ಅಂದರೆ ಮುಖ್ಯ ಚಿಪ್, ಅನ್ನುವ ಹೆಸರಿನ ಮೇಲೆ ಒತ್ತಿದರೆ ಯಾವುದು ಜಾಸ್ತಿ ತಿನ್ನುತ್ತಿದೆಯೋ ಅದು ಮೇಲೆ ಬರುತ್ತದೆ. ತಂಗಿಯದರಲ್ಲಿ ಎರಡು ಆಂಟಿವೈರಸ್ ಜೊತೆಜೊತೆಗೆ ಓಡುತ್ತಿದ್ದವು: ಒಂದು ಲ್ಯಾಪ್‌ಟಾಪ್ ಜೊತೆಗೇ ಬಂದ ಟ್ರಯಲ್, ಇನ್ನೊಂದು ಅಂಗಡಿಯವರು ಫ್ರೀ ಅಂತ ಹಾಕಿಕೊಟ್ಟದ್ದು. ವಿಂಡೋಸ್ ಒಳಗೇ ಡಿಫೆಂಡರ್ ಅನ್ನುವ ಆಂಟಿವೈರಸ್ ಇದೆ, ಓದುವ ಮಕ್ಕಳಿಗೆ ಅದು ಸಾಕು. ಎರಡನ್ನೂ ತೆಗೆದು ರೀಸ್ಟಾರ್ಟ್ ಮಾಡಿದೆ. ರೀಸ್ಟಾರ್ಟ್ ಅಂತಲೇ ಒತ್ತಬೇಕು. ಬೇಗ ಆನ್ ಆಗಲಿ ಅಂತ ಇರುವ ಫಾಸ್ಟ್ ಸ್ಟಾರ್ಟಪ್ ಸೆಟ್ಟಿಂಗ್ ಆನ್ ಇದ್ದರೆ ಶಟ್‌ಡೌನ್ ಮಾಡಿದರೂ ಅದು ಪೂರ್ತಿ ಹೊಸದಾಗಿ ಶುರುವಾಗುವುದಿಲ್ಲ.

ಇಲ್ಲೇ ಒಂದು ಮಾತು. "ಫ್ರೀಯಾಗಿ ಎಲ್ಲಾ ಸಾಫ್ಟ್‌ವೇರ್ ಹಾಕಿಕೊಡುತ್ತೇವೆ" ಅಂತ ಯಾರಾದರೂ ಪೆನ್‌ಡ್ರೈವ್ ತೆಗೆದರೆ ಬೇಡ ಅನ್ನಿ. ಕ್ರ್ಯಾಕ್ ಸಾಫ್ಟ್‌ವೇರ್ ಒಳಗೆ ನಿಮ್ಮ ಲ್ಯಾಪ್‌ಟಾಪನ್ನು ಬೇರೆಯವರಿಗಾಗಿ ದುಡಿಸುವ ಪ್ರೋಗ್ರಾಂ ಇರಬಹುದು, ಹಿಂದೆ ಕೂತು ಹಗಲೂ ರಾತ್ರಿ ಕಾಯಿಸುತ್ತದೆ.

ಮೆಮೊರಿ ಕಾಲಂ ಕೂಡ ನೋಡಿ, ಓಡುತ್ತಿರುವ ಕೆಲಸಗಳನ್ನು ಇಟ್ಟುಕೊಳ್ಳುವ ರ್‍ಯಾಮ್ ಎಷ್ಟು ತುಂಬಿದೆ ಅಂತ ಅದು ಹೇಳುತ್ತದೆ. ವಿಂಡೋಸ್ 11ಕ್ಕೆ 4 ಜಿಬಿ ರ್‍ಯಾಮ್ ಸಾಕು ಅಂತ ಮೈಕ್ರೋಸಾಫ್ಟ್ ಹೇಳುತ್ತದೆ, ಆದರೆ ಅದು ಕನಿಷ್ಠ ಮಾತ್ರ. ಕ್ರೋಮ್‌ನಲ್ಲಿ ಹತ್ತು ಟ್ಯಾಬ್, ಒಂದು ಆನ್‌ಲೈನ್ ಕ್ಲಾಸ್ ಇಟ್ಟರೆ 4 ಜಿಬಿ ಮುಗಿದೇ ಹೋಯಿತು. ರ್‍ಯಾಮ್ ತುಂಬಿದಾಗ ಕಿಟಕಿ ಬಿಳಿಚಿಕೊಂಡು ನಿಲ್ಲುತ್ತದೆ, ಮೌಸ್ ಮಾತ್ರ ಓಡಾಡುತ್ತಿರುತ್ತದೆ. ತಂಗಿಯದು 8 ಜಿಬಿ, ಆಂಟಿವೈರಸ್ ತೆಗೆದ ಮೇಲೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಬಳಕೆಯಲ್ಲಿತ್ತು. ತೊಂದರೆ ಇಲ್ಲ.

ಬಿಸಿ ಇಳಿಯಿತು. 58 ಡಿಗ್ರಿ. ಫ್ಯಾನ್ ಸುಮ್ಮನಾಯಿತು. ಚಹಾ ಕುಡಿದು ಬಂದೆವು. ಬಂದು ನೋಡಿದರೆ ಮತ್ತೆ ನಿಂತಿದೆ.

[ಹತ್ತಿರದ ಶಾಟ್: ಕ್ಯಾಪ್ಸ್ ಲಾಕ್ ಕೀ]

ಈ ಜಾಗಕ್ಕೆ ಬಂದಾಗ ಬಹಳ ಜನ ಮತ್ತೆ ಫ್ಯಾನನ್ನೇ ಬೈಯುತ್ತಾರೆ. ಆದರೆ 58 ಡಿಗ್ರಿಯಲ್ಲಿ ನಿಂತ ಲ್ಯಾಪ್‌ಟಾಪ್ ಬಿಸಿಯಿಂದ ನಿಂತಿಲ್ಲ. ಆಗ ಕ್ಯಾಪ್ಸ್ ಲಾಕ್ ಒತ್ತಿ. ಕೀ ಮೇಲಿನ ಪುಟ್ಟ ದೀಪ ಹತ್ತಿ ಆರಿದರೆ ಒಳಗೆ ವಿಂಡೋಸ್ ಇನ್ನೂ ಉಸಿರಾಡುತ್ತಿದೆ, ಯಾವುದೋ ಆ್ಯಪ್ ಅಥವಾ ಸ್ಕ್ರೀನ್ ನಡೆಸುವ ಪ್ರೋಗ್ರಾಂ, ಅಂದರೆ ಡ್ರೈವರ್, ಸಿಕ್ಕಿಕೊಂಡಿದೆ. ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್ ಜೊತೆಗೆ ಬಿ ಒತ್ತಿದರೆ ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ ಶುರುವಾಗುತ್ತದೆ, ಎಷ್ಟೋ ಸಲ ಸ್ಕ್ರೀನ್ ಅಲ್ಲೇ ಜೀವ ಹಿಡಿಯುತ್ತದೆ. ಹಾಗೆ ಆದರೆ ಕಂಪನಿಯ ವೆಬ್‌ಸೈಟಿನಿಂದ ಡ್ರೈವರ್, ಬಯಾಸ್ (ವಿಂಡೋಸ್‌ಗಿಂತ ಮೊದಲು ಓಡಿ ಲ್ಯಾಪ್‌ಟಾಪ್ ಎಬ್ಬಿಸುವ ಪ್ರೋಗ್ರಾಂ) ಎರಡನ್ನೂ ಅಪ್‌ಡೇಟ್ ಮಾಡಿ. ಬಯಾಸ್ ಹಾಕುವಾಗ ಚಾರ್ಜರ್ ಹಚ್ಚಿಯೇ ಇಡಿ, ನಡುವೆ ಆಫ್ ಮಾಡಬೇಡಿ.

ದೀಪ ಹತ್ತಲೇ ಇಲ್ಲ, ಹಾಡು ಓಡುತ್ತಿದ್ದರೆ ಒಂದೇ ಸ್ವರ ಟ್ರ್ರ್ ಅಂತ ಸಿಕ್ಕಿಕೊಂಡಿದೆ, ಅಂದರೆ ಒಳಗೆ ಎಲ್ಲವೂ ನಿಂತಿದೆ. ತಂಗಿಯದು ಹೀಗೇ. ಎರಡು ಮೂರು ಸಲ ಒತ್ತಿದೆ, ದೀಪ ಹತ್ತಲಿಲ್ಲ. ಫೋನಿನಲ್ಲಿ ಅದನ್ನೇ ವಿಡಿಯೋ ಮಾಡಿಕೊಂಡೆ, ಗಡಿಯಾರವೂ ಕಾಣುವ ಹಾಗೆ. ಆಮೇಲೆ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿದೆ.

ಆನ್ ಮಾಡಿ, ಸರ್ಚ್‌ನಲ್ಲಿ ರಿಲಯಬಿಲಿಟಿ ಅಂತ ಟೈಪ್ ಮಾಡಿದರೆ ದಿನದಿನದ ಒಂದು ನಕ್ಷೆ ಬರುತ್ತದೆ. ಸ್ಪೆಲ್ಲಿಂಗ್ ಸ್ಕ್ರೀನ್ ಮೇಲೆ ಕೊಟ್ಟಿದ್ದೇನೆ. ಆರು ದಿನದಲ್ಲೂ ಕೆಟ್ಟು ನಿಂತದ್ದರ ಕೆಂಪು ಗುರುತು, ಒಂದೊಂದು ದಿನ ಎರಡು. ಇದೊಂದು ಪುಟ ಫೋಟೋ ತೆಗೆದಿಟ್ಟುಕೊಳ್ಳಿ, ನಿಮ್ಮ ಮಾತಿಗಿಂತ ಅದರ ಮಾತು ಅಂಗಡಿಯಲ್ಲಿ ಜಾಸ್ತಿ ನಡೆಯುತ್ತದೆ.

ಆಮೇಲೆ ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್. ಸರ್ಚ್‌ನಲ್ಲಿ ಹುಡುಕಿ ರೀಸ್ಟಾರ್ಟ್ ಕೊಟ್ಟರೆ ನೀಲಿ ಪರದೆ ಬಂದು ರ್‍ಯಾಮ್ ಪರೀಕ್ಷೆ ನಡೆಯುತ್ತದೆ. ತಡವಾಗುತ್ತದೆ, ನಡುವೆ ಮುಟ್ಟಬೇಡಿ. ನಾವಿಬ್ಬರೂ ಪರದೆ ನೋಡುತ್ತಾ ಕೂತಿದ್ದೆವು. ಎರಡನೇ ಸುತ್ತಿನಲ್ಲಿ ಹಾರ್ಡ್‌ವೇರ್ ದೋಷ ಕಂಡಿದೆ ಅನ್ನುವ ಸಾಲು ಬಂತು. ರ್‍ಯಾಮ್ ಕೆಟ್ಟದ್ದೇ ಬಂದಿತ್ತು. ಇದಕ್ಕೆ ವಿಂಡೋಸ್ ಮತ್ತೆ ಹಾಕಿದರೂ, ಗಾದಿ ಬಿಟ್ಟು ಮೇಜಿಗೆ ಬಂದರೂ, ಯಾವ ಸೆಟ್ಟಿಂಗ್ ಬದಲಿಸಿದರೂ ಪ್ರಯೋಜನ ಇಲ್ಲ. ಪರೀಕ್ಷೆಯಲ್ಲಿ ತಪ್ಪು ಸಿಗಲಿಲ್ಲ ಅಂದರೆ ಮಾತ್ರ ರ್‍ಯಾಮ್ ಪೂರ್ತಿ ಸರಿ ಅಂತ ಹೇಳಲಾಗದು, ರಾತ್ರಿ ಇನ್ನೊಮ್ಮೆ ಎಕ್ಸ್‌ಟೆಂಡೆಡ್ ಪರೀಕ್ಷೆ ಹಚ್ಚಿ ಮಲಗಿ.

[ಬಿಲ್ ಹಿಡಿದು]

ಅಂಗಡಿಗೆ ಹೊರಡುವಾಗ ಶಟ್‌ಡೌನ್ ಮಾಡಿಯೇ ಬ್ಯಾಗಿಗೆ ಹಾಕಿದೆವು. ಬರೀ ಮುಚ್ಚಳ ಮುಚ್ಚಿದರೆ ಈಗಿನ ಲ್ಯಾಪ್‌ಟಾಪ್ ಅರೆನಿದ್ದೆಯಲ್ಲಿರುತ್ತದೆ, ಬ್ಯಾಗಿನೊಳಗೆ ಎಚ್ಚರವಾಗಿ ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಸುಡುತ್ತಿರಬಹುದು.

ಕೌಂಟರಿನಲ್ಲಿದ್ದವರು "ರೀಸೆಟ್ ಮಾಡಿ ಕೊಡ್ತೀವಿ ತಗೋರಿ, ನಾಳೆ ಬರ್ರಿ" ಅಂದರು. ನಾಲ್ಕು ದಿನದಲ್ಲಿ ಒಂದು ಆಗಲೇ ಹೋಗಿತ್ತು. ತಂಗಿ ಮೂರೂ ತೋರಿಸಿದಳು: ದೀಪ ಹತ್ತದ ವಿಡಿಯೋ, ಕೆಂಪು ಗುರುತಿನ ಪುಟ, ಮೆಮೊರಿ ಪರೀಕ್ಷೆಯ ಫೋಟೋ. "ಇದು ಹಾರ್ಡ್‌ವೇರ್ ರೀ. ಇವತ್ತ ಬಂದೀನಿ ಅಂತ ಬರದ ಕೊಡ್ರಿ" ಅಂದಳು. ದೂರು ಬರೆದ ತಾರೀಕಿನ ಕಾಗದ ಕೈಗೆ ಬಂದ ಮೇಲೆ ಮಾತು ಬದಲಾಯಿತು. ನೀವೂ ಬಾಯಿಮಾತಿಗೆ ವಾಪಸ್ ಬರಬೇಡಿ, ದೂರಿನ ನಂಬರ್ ಆದರೂ ತಗೊಳ್ಳಿ.

ಅಲ್ಲಿ ಕೆಲಸ ಆಗದಿದ್ದರೆ 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅದಕ್ಕೂ ಬಗ್ಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. ಲ್ಯಾಪ್‌ಟಾಪ್ ಎಲ್ಲೇ ಕೊಂಡಿರಲಿ, ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. 5 ಲಕ್ಷದವರೆಗಿನ ವಸ್ತುವಿಗೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಕೊಡಬೇಕು. ಹಾವೇರಿಯವರು ಆನ್‌ಲೈನ್‌ನಲ್ಲಿ ತರಿಸಿದ್ದಕ್ಕೂ ಬೆಂಗಳೂರಿಗೆ ಓಡಾಡಬೇಕಾಗಿಲ್ಲ.

ನಮಗೆ ಅಲ್ಲಿಯ ತನಕ ಹೋಗುವ ಪ್ರಸಂಗ ಬರಲಿಲ್ಲ. ಒಂಬತ್ತನೇ ದಿನ ಬದಲಿ ಲ್ಯಾಪ್‌ಟಾಪ್ ಬಂತು. ಆ ರಾತ್ರಿ ತಂಗಿ ಮೊದಲು ಕ್ಲಾಸ್ ನೋಡಲಿಲ್ಲ, ಮೇಜಿನ ಮೇಲಿಟ್ಟು ಅದೇ ಮೆಮೊರಿ ಪರೀಕ್ಷೆ ಹಚ್ಚಿದಳು. ಬೆಳಿಗ್ಗೆ ದೋಷ ಇಲ್ಲ ಅಂತ ಬಂದ ಸಾಲಿನ ಫೋಟೋ ನನಗೆ ಕಳಿಸಿ, ಆಮೇಲೆ ಕಾಕಾಗೆ ಫೋನ್ ಮಾಡಿದಳಂತೆ: "ಅಪ್ಪಾ, ಈಗ ಛಲೋ ಐತಿ."