ಹೃದಯಕ್ಕೆ ಮಣಿಕಟ್ಟಿನ ದಾರಿ

ಕೇಳುಗರೇ, ನಮಸ್ಕಾರ. ಆಂಜಿಯೋಪ್ಲಾಸ್ಟಿ ಅಂದರೆ ಎಲ್ಲ ದೇಶದಲ್ಲೂ ಒಂದೇ ಥರ ಅಂದುಕೊಂಡಿದ್ದೀರಿ ಅಲ್ವಾ? ಕಟ್ಟಿಕೊಂಡ ಹೃದಯದ ರಕ್ತನಾಳವನ್ನು ಹಿಗ್ಗಿಸುವ ಪುಟ್ಟ ಬಲೂನು, ಅದು ಮತ್ತೆ ಮುಚ್ಚದಂತೆ ಕೂರಿಸುವ ಜಾಲರಿ ಕೊಳವೆ, ಅಂದರೆ ಸ್ಟೆಂಟ್, ಎಲ್ಲ ಕಡೆಯೂ ಇವೆ. ಒಳಗೆ ಹೋಗುವ ದಾರಿ ಬೇರೆ. ಕೆಲವರು ತೊಡೆಸಂದಿನಿಂದ ಹೋಗುತ್ತಾರೆ, ಕೆಲವರು ಮಣಿಕಟ್ಟಿನಿಂದ. ನಾನು ಮಣಿಕಟ್ಟಿನ ಪಕ್ಷ, ಮೊದಲೇ ಹೇಳಿಬಿಡುತ್ತೇನೆ.

1977ರಲ್ಲಿ ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಹೃದಯದ ರಕ್ತನಾಳದಲ್ಲಿ ಮೊದಲ ಸಲ ಈ ಬಲೂನು ಉಬ್ಬಿಸಿದ್ದು ತೊಡೆಯ ಮೂಲಕ ಹೋಗಿ. 1992ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಫರ್ಡಿನಾಂಡ್ ಕೀಮೆನೈ ಮಣಿಕಟ್ಟಿನಿಂದ ಮಾಡಿ ತೋರಿಸಿದರು. ಯುರೋಪಿನ ಹಲವರು, ಜಪಾನಿನವರು ಬೇಗ ಕಲಿತರು. ಅಮೆರಿಕ? 2007ರಲ್ಲೂ ಅಲ್ಲಿ ನೂರಕ್ಕೆ ಇಬ್ಬರಿಗೂ ಮಣಿಕಟ್ಟಿನಿಂದ ಮಾಡುತ್ತಿರಲಿಲ್ಲ. ಪಳಗಿದ್ದು ತೊಡೆಯಲ್ಲಿ, ಹೊಸದು ಯಾರಿಗೆ ಬೇಕು!

ಆ ಕಾಲದಲ್ಲೇ ಪಾಂಡವಪುರದ ಕಡೆಯ ರೈತರೊಬ್ಬರು ಆಂಜಿಯೋಪ್ಲಾಸ್ಟಿಗೆ ನನ್ನ ಹತ್ತಿರ ಬಂದರು. ಮಗ ಅಮೆರಿಕದಲ್ಲಿ ಇಂಜಿನಿಯರ್. ರಾತ್ರಿ ಫೋನ್ ಮಾಡಿದ. "ಇಲ್ಲೆಲ್ಲ ತೊಡೆಯಿಂದಲೇ ಮಾಡೋದು ಡಾಕ್ಟ್ರೇ, ಅಪ್ಪನಿಗೂ ಹಾಗೇ ಮಾಡಿ." ಅಪ್ಪನ ಚಿಂತೆಯೇ ಬೇರೆ. "ಕಬ್ಬು ಕಟಾವಿಗೆ ಬಂದದೆ ಬುದ್ಧಿ, ಎಷ್ಟೊತ್ತು ಮಲಗುಸ್ತೀರಿ?" ತೊಡೆಯಿಂದಾದರೆ ಕಾಲು ಮಡಿಸದೆ ಗಂಟೆಗಟ್ಟಲೆ ಅಂಗಾತ ಮಲಗಬೇಕು, ಎಲ್ಲ ಹಾಸಿಗೆಯಲ್ಲೇ ಅಂದೆ. "ಆಗಾಕಿಲ್ಲ" ಅಂದರು, ಒಂದೇ ಮಾತು. ಅವರ ಮನೆಯವರು ನನ್ನನ್ನೇ ದಬಾಯಿಸಿದರು: "ಎದೆ ನೋವು ಅಂದ್ರೆ ಕೈ ಯಾಕ್ ಕುಯ್ತೀರಿ?" ಕುಯ್ಯೋದಲ್ಲ ತಾಯಿ, ಸೂಜಿ ಚುಚ್ಚಿ ಸಣ್ಣ ಕೊಳವೆ ತೂರಿಸೋದು ಅಂತ ಹೇಳಿ ಸಾಕಾಯಿತು. ಕೊನೆಗೆ ಕೈಯಿಂದಲೇ ಮಾಡಿದೆವು. ಸಂಜೆ ಮಗ ಫೋನ್ ಮಾಡಿದಾಗ ಯಜಮಾನರು ವಾರ್ಡಿನಲ್ಲಿ ಓಡಾಡುತ್ತಿದ್ದರು. "ಲೋ, ನಿಮ್ಮ ಅಮೆರಿಕದ ಡಾಕ್ಟ್ರುಗೆ ಇಲ್ಲಿಗ್ ಬಂದು ಕಲ್ತ್ಕೊಂಡ್ ಹೋಗಕ್ಕೆ ಹೇಳ್ಲಾ" ಅಂದರು!

ನಾನು ಮಣಿಕಟ್ಟಿನ ಪಕ್ಷ ಆಗಲು ಕಾರಣ ಸರಳ. ಮಣಿಕಟ್ಟಿನ ರಕ್ತನಾಳ ಮೂಳೆಯ ಮೇಲೇ ಇದೆ, ಪಟ್ಟಿ ಬಿಗಿದರೆ ರಕ್ತ ನಿಲ್ಲುತ್ತದೆ. ತೊಡೆಯಲ್ಲಿ ಅದು ಆಳ, ಒಳಗೊಳಗೇ ಸೋರಿದರೆ ಗೊತ್ತಾಗುವುದು ತಡ. ಈಗ ಅಮೆರಿಕದಲ್ಲೂ ಅರ್ಧಕ್ಕಿಂತ ಜಾಸ್ತಿ ಕೈಯಿಂದಲೇ.

ದೇಶದಿಂದ ದೇಶಕ್ಕೆ ಬೇರೆಯಾಗುವುದು ದಾರಿ ಮಾತ್ರ ಅಲ್ಲ. ಜಪಾನಿನವರು ರಕ್ತನಾಳದೊಳಗೇ ಪುಟ್ಟ ಅಲ್ಟ್ರಾಸೌಂಡ್ ಇಳಿಸಿ, ಅಳತೆ ನೋಡಿ ಸ್ಟೆಂಟ್ ಕೂರಿಸುತ್ತಾರೆ. ಅಲ್ಲಿ ವಿಮೆ ಆ ಖರ್ಚು ಕೊಡುತ್ತದೆ. ನಮ್ಮಲ್ಲಿ 2017ರಲ್ಲಿ ಔಷಧ ಲೇಪಿಸಿದ ಸ್ಟೆಂಟಿನ ಬೆಲೆಗೆ ಸರ್ಕಾರ 29,600 ರೂಪಾಯಿಯ ಮಿತಿ ಹಾಕಿತು. ಇದನ್ನೆಲ್ಲ ಬಿಡಿಸಿ ಹೇಳುವ ಆಸೆಯಿತ್ತು, ಆ ರೈತರ ಕತೆಯೇ ಸಮಯ ನುಂಗಿತು.

ಮನೆಯಲ್ಲಿ ಯಾರಿಗಾದರೂ ಆಂಜಿಯೋಪ್ಲಾಸ್ಟಿ ಅಂದರೆ ಸುಮ್ನೆ ತಲೆಯಾಡಿಸಬೇಡಿ. "ಕೈಯಿಂದ ಆಗುತ್ತಾ ಡಾಕ್ಟ್ರೇ?" ಅಂತ ಕೇಳಿ. ಆಗಲ್ಲ ಅಂದರೆ ಯಾಕೆ ಅಂತ ಕೇಳಿ. ಹಾರ್ಟ್ ಅಟ್ಯಾಕ್ ಆಗುತ್ತಿದ್ದರೆ ಮಾತ್ರ ಕೈಯೋ ತೊಡೆಯೋ ಅಂತ ಚರ್ಚೆ ಬೇಡ, ಮೊದಲು ಆಸ್ಪತ್ರೆ ಸೇರಿ. ನಮಸ್ಕಾರ.