ಕೋಲಾರದ ಕೆರೆಯ ಮ್ಯಾಜಿಕಾರ್ಪ್ ಮತ್ತು 400 ಕ್ಯಾಂಡಿಗಳ ಲೆಕ್ಕ

ನಮಸ್ಕಾರ. ಈಗ ಪರದೆಯ ಮೇಲೆ ಎಗರಾಡುತ್ತಿರುವ ಕೆಂಪು ಮೀನಿನ ಹೆಸರು ಮ್ಯಾಜಿಕಾರ್ಪ್. ಪೋಕೆಮಾನ್ ಎಂಬ ಕಾಲ್ಪನಿಕ ಜೀವಿಗಳ ಪಟ್ಟಿಯಲ್ಲಿ ಇದರ ಸಂಖ್ಯೆ 129. ಇದಕ್ಕೆ ಒಲಿದಿರುವ ವಿದ್ಯೆ ಸ್ಪ್ಲಾಷ್, ಅಂದರೆ ಇದ್ದಲ್ಲೇ ಮಿಡುಕಾಡುವುದು. ಈ ಜೀವಿಗಳನ್ನು ಫೋನಿನ ನಕ್ಷೆ ನೋಡುತ್ತ ನಡೆದಾಡಿ ಹಿಡಿಯುವ ಪೋಕೆಮಾನ್ ಗೋ ಆಟದಲ್ಲಿ ಆ ವಿದ್ಯೆಯ ಬಲ ಸೊನ್ನೆ. ನಮ್ಮ ಮೀನುಗಾರಿಕೆ ಇಲಾಖೆಯವರು ಗೆಂಡೆ ಎಂದು ಕರೆಯುವ ಮೀನಿನ ರೂಪವನ್ನೇ ಇದಕ್ಕೆ ಕೊಟ್ಟಿದ್ದಾರೆ. ಹಳದಿ ನದಿಯ ಪ್ರವಾಹಕ್ಕೆ ಎದುರಾಗಿ ಈಜಿ, ದ್ರಾಗನ್ ಬಾಗಿಲನ್ನು ಹಾರಿ ದಾಟಿದ ಗೆಂಡೆ ಮೀನು ತಾನೇ ದ್ರಾಗನ್ ಆಗುತ್ತದೆ ಎಂಬ ಚೀನೀ ಐತಿಹ್ಯ ಗೊತ್ತಿದ್ದವರಿಗೆ, ಈ ನಿಶ್ಶಕ್ತ ಮೀನು ಮುಂದೆ ಗ್ಯಾರಡೋಸ್ ಎಂಬ ಮಹಾಸರ್ಪವಾಗುವುದರ ಹಿಂದಿನ ಕಲ್ಪನೆ ಸುಲಭವಾಗಿ ತಿಳಿಯುತ್ತದೆ.

ನಾನಿರುವುದು ಕೋಲಾರಮ್ಮ ಕೆರೆಯ ಏರಿಯ ಮೇಲೆ. ನೀರಿನ ಜಾತಿಯ ಪೋಕೆಮಾನ್‌ಗಳು ನೀರಿನ ಆಸುಪಾಸಿನಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವುದರಿಂದ ಮ್ಯಾಜಿಕಾರ್ಪ್ ಹುಡುಕುವವರಿಗೆ ಕೋಲಾರದಲ್ಲಿ ಇದಕ್ಕಿಂತ ಒಳ್ಳೆಯ ಜಾಗ ನನಗೆ ಕಂಡಿಲ್ಲ. ಭಾರತದಲ್ಲಿ ಈ ಆಟ ಅಧಿಕೃತವಾಗಿ ಬಿಡುಗಡೆಯಾದದ್ದು 2016ರ ಡಿಸೆಂಬರ್‌ನಲ್ಲಿ. ಬೆಂಗಳೂರಿನ ಕೋರಮಂಗಲ ಮತ್ತು ಚಲ್ಲಘಟ್ಟ ಕಣಿವೆಗಳ ಸಂಸ್ಕರಿಸಿದ ನೀರು ನಮ್ಮ ಜಿಲ್ಲೆಯ ಕೆರೆಗಳಿಗೆ ಹರಿಯತೊಡಗಿದ್ದು 2018ರಲ್ಲಿ. ಬರವೆಂಬುದು ಆಟದ ನಕ್ಷೆಗೆ ಗೊತ್ತಿಲ್ಲ. ಕೆರೆಯ ಅಂಗಳ ಒಣಗಿದ್ದರೂ ನಕ್ಷೆಯಲ್ಲಿ ಅದು ನೀಲಿಯೇ. ಈಗ ಕಣ್ಣೆದುರಿಗೂ ಫೋನಿನಲ್ಲೂ ಒಂದೇ ಬಗೆಯಲ್ಲಿ ನೀರು ಕಾಣುವುದು ನನಗೆ ಬಹಳ ಸಂತೋಷ ಕೊಡುವ ಸಂಗತಿ.

ಚೆಂಡೆಸೆದು ಹಿಡಿಯುವ ಕ್ರಮವನ್ನು ನೋಡೋಣ. ಮ್ಯಾಜಿಕಾರ್ಪ್ ಸುತ್ತಲಿನ ವೃತ್ತದ ಬಣ್ಣ ಸಾಮಾನ್ಯವಾಗಿ ಹಸಿರು, ಅಂದರೆ ಸುಲಭವಾಗಿ ಸಿಗುವಂಥದ್ದು. ಆದರೂ ಅದು ಮೇಲಕ್ಕೆ ನೆಗೆದ ಹೊತ್ತಿನಲ್ಲಿ ಎಸೆದರೆ ಚೆಂಡು ತಾಗಿ ಆಚೆ ಸಿಡಿದು ವ್ಯರ್ಥವಾಗುತ್ತದೆ. ಆದ್ದರಿಂದ ಅದು ಕೆಳಗಿಳಿಯುವವರೆಗೆ ತಡೆದು, ಒಳವೃತ್ತ ಕಿರಿದಾದಾಗ ಚೆಂಡನ್ನು ತಿರುಗಿಸಿ ಎಸೆಯಬೇಕು. ಇಂಥ ಸುಲಭದ ಮೀನಿಗೆ, ಹಿಡಿಯುವುದನ್ನು ಸುಲಭಗೊಳಿಸುವ ರಾಝ್ ಬೆರ್ರಿ ಕೊಡುವುದು ದಂಡ. ಪೈನಾಪ್ ಬೆರ್ರಿಯನ್ನೇ ಕೊಡಿ, ಏಕೆಂದರೆ ಅದು ಕ್ಯಾಂಡಿಗಳನ್ನು, ಅಂದರೆ ಜೀವಿಯನ್ನು ಬೆಳೆಸಲು ಬೇಕಾದ ಸಿಹಿಗಳನ್ನು, ಇಮ್ಮಡಿಗೊಳಿಸುತ್ತದೆ, ಮತ್ತು ಈ ಮೀನಿನ ವಿಷಯದಲ್ಲಿ ಎಲ್ಲವೂ ನಿಂತಿರುವುದು ಕ್ಯಾಂಡಿಯ ಮೇಲೆಯೇ.

ಪಿಜಿ ಎಂಬ ಹಕ್ಕಿಯನ್ನು ಎವಾಲ್ವ್ ಮಾಡಲು, ಅಂದರೆ ಮುಂದಿನ ರೂಪಕ್ಕೆ ಬೆಳೆಸಲು, 12 ಕ್ಯಾಂಡಿ ಸಾಕು. ಉಳಿದ ಬಹುಪಾಲು ಜೀವಿಗಳಿಗೆ 25, 50 ಅಥವಾ 100. ಮ್ಯಾಜಿಕಾರ್ಪ್ ಆದರೋ 400 ಕೇಳುತ್ತದೆ. ಒಂದನ್ನು ಹಿಡಿದರೆ ಮೂರು ಕ್ಯಾಂಡಿ, ಅದನ್ನು ಆಟದೊಳಗಿನ ಪ್ರೊಫೆಸರ್‌ಗೆ ಕಳುಹಿಸಿ ಬಿಟ್ಟುಕೊಟ್ಟರೆ ಇನ್ನೊಂದು. ಹಾಗಾಗಿ ಬರಿಗೈಯಲ್ಲಿ ಹೋದವರು ಸುಮಾರು ನೂರು ಮೀನುಗಳನ್ನು ಹಿಡಿಯಬೇಕಾಗುತ್ತದೆ. ಪೈನಾಪ್ ಬಳಸಿದರೆ ಒಂದಕ್ಕೆ ಆರು ಮತ್ತು ಒಂದು, ಒಟ್ಟು ಏಳು ಕ್ಯಾಂಡಿ ಕೈಸೇರುವುದರಿಂದ 58ರ ಹೊತ್ತಿಗೆ ಕೆಲಸ ಮುಗಿಯುತ್ತದೆ. ಇದರ ಜೊತೆಗೆ ಮ್ಯಾಜಿಕಾರ್ಪನ್ನು ಬಡ್ಡಿಯಾಗಿ, ಅಂದರೆ ಜೊತೆ ನಡೆಯುವ ಗೆಳೆಯನಾಗಿ, ಇಟ್ಟುಕೊಂಡು ನಡೆದರೆ ಕಿಲೋಮೀಟರಿಗೊಂದು ಕ್ಯಾಂಡಿ ದೊರೆಯುತ್ತದೆ. ಬೈಕಿನ ವೇಗ ಲೆಕ್ಕಕ್ಕೆ ಬರುವುದಿಲ್ಲ, ನಡೆಯಲೇಬೇಕು. ನಾನು ಸಂಜೆಗಳಲ್ಲಿ ಏರಿಯುದ್ದಕ್ಕೂ ನಡೆದೆ, ಭಾನುವಾರಗಳಲ್ಲಿ ಅಂತರಗಂಗೆಯ ದಾರಿ ಹಿಡಿದೆ. 1996ರಲ್ಲಿ ಜಪಾನಿನಲ್ಲಿ ಬಂದ ಮೊದಲ ಗೇಮ್ ಬಾಯ್ ಆಟಗಳಲ್ಲಿ ಇದೇ ಮೀನನ್ನು 20ನೇ ಲೆವೆಲ್‌ವರೆಗೆ ಬೆಳೆಸಬೇಕಿತ್ತು. ಅಲ್ಲಿ ಬೆರಳುಗಳು ಮಾಡುತ್ತಿದ್ದ ದುಡಿಮೆಯನ್ನು ಇಲ್ಲಿ ಕಾಲುಗಳು ಮಾಡುತ್ತವೆ ಎಂಬುದೇ ನನಗೆ ಈ ಆಟದಲ್ಲಿ ಹೆಚ್ಚು ಪ್ರಿಯವಾದ ಗುಣ.

400 ಕೂಡಿದ ಮೇಲೆ ಎದುರಾಗುವ ಪ್ರಶ್ನೆಯೇ ಈ ವಿಡಿಯೊದ ಮುಖ್ಯ ವಿಷಯ: ಹಿಡಿದವುಗಳಲ್ಲಿ ಯಾವುದನ್ನು ಎವಾಲ್ವ್ ಮಾಡಬೇಕು? ಪ್ರತಿಯೊಂದು ಪೋಕೆಮಾನ್‌ಗೂ ದಾಳಿ, ರಕ್ಷಣೆ ಮತ್ತು ಆಯಸ್ಸು ಎಂಬ ಮೂರು ಗುಣಗಳಿಗೆ ತಲಾ 0ಯಿಂದ 15ರವರೆಗೆ ಹುಟ್ಟಿನ ಅಂಕಗಳಿರುತ್ತವೆ. ಅಪ್ರೈಸ್ ಒತ್ತಿದರೆ ಅವು ಪಟ್ಟಿಗಳಾಗಿ ಕಾಣುತ್ತವೆ. ನಾನು ಆರಿಸಿಕೊಂಡ ಮೀನಿಗೆ ದಾಳಿ 3, ರಕ್ಷಣೆ 13, ಆಯಸ್ಸು 12. ಒಟ್ಟು 45ಕ್ಕೆ 28, ಒಂದೇ ಒಂದು ಸ್ಟಾರ್. ನನ್ನ ಜೊತೆ ಆಡುವ ಅಕ್ಕನ ಮಗನಿಗೆ ಇದು ಸರಿಬರಲಿಲ್ಲ. "ಮಾಮ, ತ್ರೀ ಸ್ಟಾರ್ ಇರೋದನ್ನ ಬಿಟ್ಟು ಇದಕ್ಯಾಕೆ ಮಾಮ ಕ್ಯಾಂಡಿ ಹಾಕ್ತೀಯಾ?" ಎಂದು ಅವನು ಕೇಳಿದ ಪ್ರಶ್ನೆ ನ್ಯಾಯವಾದದ್ದೇ, ಅದಕ್ಕೆ ಪೂರ್ತಿಯಾಗಿ ಉತ್ತರಿಸಬೇಕು.

ಮೊದಲನೆಯದಾಗಿ, ಗ್ರೇಟ್ ಲೀಗ್ ಎಂಬ ಪಂದ್ಯದಲ್ಲಿ 1500 ಸಿ.ಪಿ. (ಕಾಂಬ್ಯಾಟ್ ಪವರ್, ಅಂದರೆ ಕಾದಾಟದ ಬಲದ ಅಂಕ) ಮೀರಿದವರಿಗೆ ಪ್ರವೇಶವಿಲ್ಲ. ಸಿ.ಪಿ.ಯನ್ನು ಎಣಿಸುವ ಸೂತ್ರದಲ್ಲಿ ದಾಳಿಯ ತೂಕ ಹೆಚ್ಚು, ರಕ್ಷಣೆ ಮತ್ತು ಆಯಸ್ಸುಗಳು ವರ್ಗಮೂಲವಾಗಿ ಮಾತ್ರ ಸೇರುತ್ತವೆ. ಆದ್ದರಿಂದ ದಾಳಿ ಕಡಿಮೆಯಿದ್ದು ಮಿಕ್ಕೆರಡು ಹೆಚ್ಚಿರುವ ಜೀವಿ ಅದೇ 1500ರ ಮಿತಿಯೊಳಗೆ ಹೆಚ್ಚು ಹೊತ್ತು ತಾಳಿಕೊಳ್ಳುತ್ತದೆ. ಸ್ಟಾರ್‌ಗಳು ಈ ಸೂಕ್ಷ್ಮವನ್ನು ಹೇಳುವುದಿಲ್ಲ. ಎರಡನೆಯ ಕಾರಣ ನನಗೆ ಇನ್ನೂ ದೊಡ್ಡದು. ಪೋಕೆಮಾನ್‌ನ ಪುಟವನ್ನು ಕೆಳಗಿನವರೆಗೆ ಸರಿಸಿದರೆ ಅದು ಸಿಕ್ಕ ದಿನ ಮತ್ತು ಊರು ಅಲ್ಲಿ ನಮೂದಾಗಿರುತ್ತದೆ. ಈ ಮೀನಿನ ಪುಟದಲ್ಲಿರುವುದು ಕೋಲಾರ, ಕರ್ನಾಟಕ, ಭಾರತ. ತ್ರೀ ಸ್ಟಾರ್ ಮೀನು ನನಗೆ ಸಿಕ್ಕಿದ್ದು ಬೆಂಗಳೂರಿನಲ್ಲಿ. ಎವಾಲ್ವ್ ಆದಾಗ ಸಿ.ಪಿ. ಬದಲಾಗುತ್ತದೆ, ವಿದ್ಯೆಗಳು ಬದಲಾಗುತ್ತವೆ. ಹುಟ್ಟಿನ ಅಂಕಗಳು ಮತ್ತು ಊರಿನ ಹೆಸರು ಬದಲಾಗುವುದಿಲ್ಲ. ನಾನು ಪಂದ್ಯಕ್ಕೆ ಕರೆದೊಯ್ಯುವ ಗ್ಯಾರಡೋಸ್ ಕೋಲಾರದ್ದೇ ಆಗಿರಬೇಕೆಂಬ ಆಸೆಯನ್ನು ನಾನು ಹುಡುಗಾಟವೆಂದು ಎಣಿಸುವುದಿಲ್ಲ.

ಈಗ ಎವಾಲ್ವ್ ಒತ್ತುತ್ತಿದ್ದೇನೆ. ಮೀನು ಬೆಳಕಿನಲ್ಲಿ ಕರಗಿ, ಮೈ ಉದ್ದಕ್ಕೆ ಬಿಚ್ಚಿಕೊಂಡು, ನೀಲಿ ಬಣ್ಣದ ಗ್ಯಾರಡೋಸ್ ಬಾಯ್ದೆರೆದು ನಿಂತಿತು. 89 ಇದ್ದ ಸಿ.ಪಿ. 1459 ಆಗಿದೆ. 1500ರ ಗಡಿಗೆ ಇಷ್ಟು ಹತ್ತಿರ ಬಂದು ಒಳಗೇ ಉಳಿದಿರುವುದನ್ನು ಗಮನಿಸಿ. ದಾಳಿಯ ಅಂಕ ಮೂರೇ ಇದ್ದುದರ ಪ್ರಯೋಜನ ಇದು. ಇದಕ್ಕೆ ಬಂದಿರುವ ವೇಗದ ವಿದ್ಯೆ ಬೈಟ್. ನನಗೆ ಬೇಕಿರುವುದು ದ್ರಾಗನ್ ಬ್ರೆತ್, ಆದ್ದರಿಂದ ವೇಗದ ವಿದ್ಯೆಯನ್ನು ಬದಲಿಸುವ ಒಂದು ಫಾಸ್ಟ್ ಟಿ.ಎಂ. ಖರ್ಚು ಮಾಡುತ್ತೇನೆ.

ಇದರ ದೌರ್ಬಲ್ಯವನ್ನೂ ಈಗಲೇ ತಿಳಿದಿರಬೇಕು. ಗ್ಯಾರಡೋಸ್ ನೀರು ಮತ್ತು ಹಾರಾಟ ಎಂಬ ಎರಡು ಜಾತಿಗಳಿಗೆ ಸೇರಿದ್ದು, ವಿದ್ಯುತ್ತಿನ ಪೆಟ್ಟು ಎರಡಕ್ಕೂ ತಾಗುವುದರಿಂದ ಹಾನಿ 2.56 ಪಟ್ಟಾಗುತ್ತದೆ. ಆ ಪೆಟ್ಟನ್ನು ತಡೆಯಲು ನೆಲದ ಜಾತಿಯ ಜೊತೆಗಾರ ಬೇಕು. ನನ್ನ ಆಯ್ಕೆ ಸ್ವಾಂಪರ್ಟ್. ಮಡ್‌ಕಿಪ್‌ನಿಂದ ಆರಂಭಿಸಿ ಅಲ್ಲಿಗೆ ತಲುಪಲು 25 ಮತ್ತು 100, ಒಟ್ಟು 125 ಕ್ಯಾಂಡಿ ಬೇಕು. ಮಡ್‌ಕಿಪ್ ಕೂಡ ನೀರಿನ ಜಾತಿಯದೇ ಆದ್ದರಿಂದ ಮುಂದಿನ ವಿಡಿಯೊದ ಹುಡುಕಾಟವೂ ಇದೇ ಏರಿಯ ಮೇಲೆ ನಡೆಯಲಿದೆ.